ಪದ ಪರಿಚಯ: ವ್ಯಾಮೋಹ

ಶಿರಸಿ, ಸಿದ್ದಾಪುರದ ಹವ್ಯಕರ ಮನೆಯಲ್ಲಿ ಮಗ ಊಟದ ನಡುವೆ ಕೈ ನಿಲ್ಲಿಸಿ ಎತ್ತಲೋ ನೋಡುತ್ತ ಕೂತರೆ, ಫೋನು ಟಿಣ್ ಎಂದಾಗೆಲ್ಲ ಎದ್ದು ಜಗಲಿಗೆ ಓಡಿದರೆ, ಆಯಿ ಹೇಳುವ ಮಾತು ಒಂದೇ: ‘ಅವಂಗೆ ಮಳ್ಳು ಹಿಡದ್ದು.’ ಪ್ರೀತಿ ಎಂಬ ಪದ ಅಲ್ಲಿ ಬರುವುದೇ ಇಲ್ಲ. ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಕೊಂಕಣಿಯವರು ಇದನ್ನೇ ‘ಪಿಶೆಂ’ ಎನ್ನುತ್ತಾರೆ, ಅದೂ ಹುಚ್ಚೇ. ಕಾಲೇಜು ಹುಡುಗರು ಕ್ರಶ್ ಅಂತಲೋ ಇನ್‌ಫ್ಯಾಚುಯೇಶನ್ ಅಂತಲೋ ಹೇಳುವ ಈ ಸ್ಥಿತಿಗೆ ಬರಹದ ಕನ್ನಡ ಇಟ್ಟುಕೊಂಡ ಹೆಸರು ವ್ಯಾಮೋಹ.

ಸಂಸ್ಕೃತದ ‘ಮುಹ್’ ಧಾತುವಿಗೆ ಮತಿಗೆಡು, ದಿಕ್ಕು ತಪ್ಪು ಎಂಬ ಅರ್ಥ. ಮೋಹ, ಮೂಢ, ಮುಗ್ಧ ಮೂರೂ ಅಲ್ಲಿಂದಲೇ ಬಂದವು. ಅರಿಷಡ್ವರ್ಗದ ಪಟ್ಟಿಯಲ್ಲಿ ಕಾಮಕ್ಕೂ ಮೋಹಕ್ಕೂ ಬೇರೆ ಬೇರೆ ಜಾಗವಿದೆ. ಬೇಕು ಎನ್ನಿಸುವುದು ಕಾಮ. ಇದ್ದದ್ದು ಇದ್ದ ಹಾಗೆ ಕಾಣದೇ ಹೋಗುವುದು ಮೋಹ. ಪುತ್ರವ್ಯಾಮೋಹ ಎಂದ ಕೂಡಲೇ ಧೃತರಾಷ್ಟ್ರ ನೆನಪಾಗುತ್ತಾನಲ್ಲ, ಮಗನನ್ನು ಅತಿಯಾಗಿ ಪ್ರೀತಿಸಿದ ಎಂದು ಯಾರೂ ಅವನನ್ನು ದೂರುವುದಿಲ್ಲ. ಮಗ ಎಂಥವನು ಎಂದು ತಿಳಿದುಕೊಳ್ಳಲು ಅವನು ತಯಾರಿರಲಿಲ್ಲ ಎಂಬುದೇ ದೂರು. ಗಂಡು ಹೆಣ್ಣಿನ ನಡುವಿನ ವ್ಯಾಮೋಹದಲ್ಲೂ ನೋಡಬೇಕಾದ್ದು ಇದನ್ನೇ. ಸೆಳೆತ ಎಷ್ಟು ಜೋರಾಗಿದೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ಎದುರಿನವರ ಬಗ್ಗೆ ನಮಗೆ ಎಷ್ಟು ಗೊತ್ತು, ಗೊತ್ತಾದ ಸಂಗತಿಯನ್ನು ನಾವೇನು ಮಾಡುತ್ತೇವೆ, ಭೇದ ಇರುವುದು ಅಲ್ಲಿ.

(ಕೊಂಕಣಿ ಇಲ್ಲಿ ಬೇರೆ ದಾರಿ ಹಿಡಿದಿದೆ. ಮೋಹದಿಂದಲೇ ಬಂದ ‘ಮೋಗ’ ಅವರಲ್ಲಿ ಅಪ್ಪಟ ಪ್ರೀತಿ. ತಾಯಿಯ ಮೇಲೂ ಮೋಗ, ದೇವರ ಮೇಲೂ ಮೋಗ. ಕಾರವಾರದವರ ಎದುರು ಮೋಹವನ್ನು ತೀರ ಹಳಿಯದಿರುವುದು ಕ್ಷೇಮ.)

ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊತಿ ಟೆನ್ನೊವ್ ಈ ಸ್ಥಿತಿಗೆ ‘ಲಿಮರೆನ್ಸ್’ ಎಂಬ ಹೊಸ ಹೆಸರಿಟ್ಟು, 1979ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ನೂರಾರು ಜನರನ್ನು ಕೇಳಿ ಬರೆದುಕೊಂಡಾಗ ಎಲ್ಲರ ಕಥೆಯಲ್ಲೂ ಕೆಲವು ಸಂಗತಿಗಳು ಮತ್ತೆ ಮತ್ತೆ ಬಂದಿದ್ದವು. ಬೇಡವೆಂದರೂ ಆ ಒಬ್ಬರ ಯೋಚನೆಯೇ ನುಗ್ಗುತ್ತದೆ. ಅವರು ಎದುರು ಬಂದರೆ ನಾಲಿಗೆ ಕಟ್ಟುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅವರ ಒಂದು ನೋಟ, ಒಂದು ತಡವಾದ ಉತ್ತರ, ಎಲ್ಲಕ್ಕೂ ಅರ್ಥ ಹುಡುಕುವ ಕೆಲಸ ಶುರುವಾಗುತ್ತದೆ. ಅವರಲ್ಲಿ ಚೆಂದ ಇದ್ದದ್ದು ಹತ್ತು ಪಟ್ಟು ಚೆಂದ ಕಾಣುತ್ತದೆ, ಕೊರತೆಗೆ ಕ್ಷಮೆ ಮೊದಲೇ ಸಿದ್ಧವಿರುತ್ತದೆ. ಇದೆಲ್ಲ ಬೆಳೆಯಲು ಎರಡು ವಸ್ತು ಒಟ್ಟಿಗೆ ಬೇಕು ಎಂದು ಟೆನ್ನೊವ್ ಕಂಡುಕೊಂಡರು: ಆಸೆ ಮತ್ತು ಅನುಮಾನ. ಸಿಕ್ಕೇಬಿಟ್ಟರೆ ತಣಿಯುತ್ತದೆ, ಖಂಡಿತ ಇಲ್ಲ ಎಂದು ಗೊತ್ತಾದರೂ ನಿಧಾನಕ್ಕೆ ಸಾಯುತ್ತದೆ. ಸಿಗಬಹುದೇನೋ ಎಂಬ ಹಂತದಲ್ಲಿ ನಿಂತರೆ ಮಾತ್ರ ಉರಿಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಒಂದೂವರೆ ವರ್ಷದಿಂದ 3 ವರ್ಷ ಇದರ ಆಯಸ್ಸು ಎಂಬುದು ಅವರ ಅಂದಾಜು.

ಕುಮಟಾದಲ್ಲಿ ರೈಲು ಹತ್ತಿ ಕಾರವಾರದ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಇದ್ದಾಳೆ ಎಂದುಕೊಳ್ಳಿ. ಅಂಕೋಲೆಯಲ್ಲಿ ಒಬ್ಬ ಹತ್ತುತ್ತಾನೆ. ಒಂದು ದಿನ ಮೀನಿನ ಬುಟ್ಟಿ ಹಿಡಿದು ನಿಂತ ಅಜ್ಜಿಗೆ ಸೀಟು ಬಿಟ್ಟುಕೊಟ್ಟ. ಇನ್ನೊಂದು ದಿನ ಇವಳತ್ತ ನೋಡಿ ಅರ್ಧ ನಕ್ಕ. ಅವನ ಬಗ್ಗೆ ಅವಳಲ್ಲಿರುವ ಮಾಹಿತಿ ಇಷ್ಟೇ. ಉಳಿದದ್ದನ್ನು ಅವಳೇ ತುಂಬಿಕೊಳ್ಳುತ್ತಾಳೆ: ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುವವ ಇರಬೇಕು, ಹೆಚ್ಚು ಮಾತಾಡುವವನಲ್ಲ, ಸಿಟ್ಟು ಬರುವುದೇ ಇಲ್ಲವೇನೋ. ಹಾರವಾಡ ಬರುವಷ್ಟರಲ್ಲಿ ಮದುವೆ ಮುಗಿದು ಮನೆಯೂ ಆಗಿರುತ್ತದೆ. ಅವನು ಬರದ ದಿನ ಕ್ಲಾಸು ತಲೆಗೆ ಹತ್ತುವುದಿಲ್ಲ. ಅವಳ ಸಂಕಟ ಸುಳ್ಳಲ್ಲ, ನಿಜವಾದ ಸಂಕಟವೇ. ಆದರೆ ಅವಳು ಸಂಕಟಪಡುತ್ತಿರುವುದು ತಾನೇ ಕಟ್ಟಿದ ಮನುಷ್ಯನಿಗಾಗಿ; ಅಂಕೋಲೆಯವನಿಗೆ ಆ ಸುದ್ದಿಯೇ ಗೊತ್ತಿಲ್ಲ.

ಈ ಕಟ್ಟುವ ಕೆಲಸವನ್ನು ಫ್ರೆಂಚ್ ಲೇಖಕ ಸ್ಟೆಂಡಾಲ್ 1822ರಲ್ಲೇ ಉಪ್ಪಿಗೆ ಹೋಲಿಸಿದ್ದ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಬಳಿಯ ಉಪ್ಪಿನ ಗಣಿಯಲ್ಲಿ ಎಲೆಯುದುರಿದ ಕೊಂಬೆಯೊಂದನ್ನು ಎಸೆದು ಎರಡು ಮೂರು ತಿಂಗಳು ಬಿಟ್ಟು ತೆಗೆದರೆ ಅದರ ತುಂಬ ಹರಳು ಹತ್ತಿ ವಜ್ರದ ಹಾಗೆ ಮಿನುಗುತ್ತದೆ, ಒಳಗಿದ್ದ ಕೊಂಬೆಯ ಗುರುತೇ ಸಿಗುವುದಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಟೆಂಡಾಲ್ ಹೇಳದೆ ಬಿಟ್ಟ ಒಂದು ಸಂಗತಿ ಕರಾವಳಿಯವರಿಗೆ ಗೊತ್ತು: ಗಣಿಯ ಒಳಗೆ ಮಳೆ ಬೀಳುವುದಿಲ್ಲ, ಆಗರದ ಮೇಲೆ ಬೀಳುತ್ತದೆ. ಹರಳು ಕರಗಿದ ಮೇಲೆ ಉಳಿದ ಕಡ್ಡಿ ಕೈಗೆ ಬಂದಾಗ ‘ಇದೇನಾ ಅದು?’ ಎನ್ನುವವರೂ ಇದ್ದಾರೆ, ಆ ಕಡ್ಡಿಯೇ ಇಷ್ಟವಾದವರೂ ಇದ್ದಾರೆ.

ಅನುಮಾನ ಯಾಕೆ ಇಷ್ಟು ಕಾಡುತ್ತದೆ ಎಂಬುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಒಂದು ಸುಳಿವಿದೆ. ಗುಂಡಿ ಕುಕ್ಕಿದಾಗೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕುಕ್ಕುವುದನ್ನು ಬಿಟ್ಟಿತು. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಹಾಗೆ ಆಗೊಮ್ಮೆ ಈಗೊಮ್ಮೆ ಕಾಳು ಪಡೆದ ಹಕ್ಕಿ ಬಿಡದೇ ಕುಕ್ಕುತ್ತಲೇ ಇತ್ತು. ಈಗ ವಾಟ್ಸಾಪಿನ ನೀಲಿ ಗೆರೆ ಅದೇ ಕೆಲಸ ಮಾಡುತ್ತಿದೆ. ಮೆಸೇಜು ಓದಿದ್ದಾಳೆ, ಉತ್ತರ ಇಲ್ಲ. ಅವಳ ಬಸ್ಸು ದೇವಿಮನೆ ಘಟ್ಟದ ತಿರುವಿನಲ್ಲಿ ನೆಟ್‌ವರ್ಕ್ ಇಲ್ಲದೆ ತೆವಳುತ್ತಿದೆ ಎಂಬ ಸರಳ ಕಾರಣ ಇವನಿಗೆ ಹೊಳೆಯುವುದೇ ಇಲ್ಲ.

ಮೈಯೊಳಗೂ ಏನೋ ನಡೆಯುತ್ತಿರುತ್ತದೆ. 1999ರಲ್ಲಿ ಇಟಲಿಯ ಪೀಸಾ ವಿಶ್ವವಿದ್ಯಾಲಯದ ಡೊನಾಟೆಲಾ ಮರಾಜಿಟಿ ತಂಡ ಹೊಸದಾಗಿ ಪ್ರೇಮಕ್ಕೆ ಬಿದ್ದ 20 ಜನರ ರಕ್ತ ಪರೀಕ್ಷಿಸಿತು. ಮನಸ್ಸಿನ ಸ್ಥಿತಿಯ ಮೇಲೆ ಪ್ರಭಾವ ಬೀರುವ ಸಿರೊಟೋನಿನ್ ಎಂಬ ರಾಸಾಯನಿಕಕ್ಕೆ ಸಂಬಂಧಪಟ್ಟ ಒಂದು ಅಂಶ, ಕೈ ತೊಳೆದದ್ದೇ ತೊಳೆಯುವಂಥ ಗೀಳಿನ ಕಾಯಿಲೆ ಇದ್ದವರಲ್ಲಿ ಕಡಿಮೆ ಇರುವಂತೆಯೇ, ಇವರಲ್ಲೂ ಕಡಿಮೆ ಇತ್ತು. ಒಂದರಿಂದ ಒಂದೂವರೆ ವರ್ಷದ ನಂತರ ಅವರಲ್ಲಿ ಕೆಲವರನ್ನು ಮತ್ತೆ ನೋಡಿದಾಗ ಅದು ಮಾಮೂಲಿಗೆ ಮರಳಿತ್ತು. ಇಪ್ಪತ್ತೇ ಜನರ ಲೆಕ್ಕವನ್ನು ಶಿಲಾಶಾಸನ ಮಾಡಬೇಕಾಗಿಲ್ಲ. ಆದರೂ ಆಯಿಯ ‘ಮಳ್ಳು’ ಎಂಬ ಮಾತು ತೀರ ಗಾಳಿಯಲ್ಲಿ ಹೊಡೆದ ಗುಂಡಲ್ಲ ಎಂದು ನನಗೆ ಖುಷಿಯಾಯಿತು.

ಎದೆ ಹೊಡೆದುಕೊಳ್ಳುವುದನ್ನು ನಂಬುವ ಹಾಗೂ ಇಲ್ಲ. ಉಳವಿ ಹತ್ತಿರದ ಶಿವಪುರದಲ್ಲಿ ಕಾಳಿಯ ಹಿನ್ನೀರಿನ ಮೇಲಿನ ತೂಗುಸೇತುವೆ ದಾಟಿದವರಿಗೆ ನಡುವೆ ಬಂದಾಗ ಆಗುವ ನಡುಕ ಗೊತ್ತು. ಕೆನಡಾದ ಕ್ಯಾಪಿಲಾನೊ ನದಿಯ ಮೇಲೆ ಸುಮಾರು 70 ಮೀಟರ್ ಎತ್ತರದಲ್ಲಿ ಅಂಥದ್ದೇ ಒಂದು ಸೇತುವೆ ಇದೆ. 1974ರಲ್ಲಿ ಡೊನಾಲ್ಡ್ ಡಟನ್, ಆರ್ಥರ್ ಆರನ್ ಎಂಬ ಇಬ್ಬರು ಸಂಶೋಧಕರು ಅಲ್ಲಿ ಒಬ್ಬ ಯುವತಿಯನ್ನು ನಿಲ್ಲಿಸಿ, ದಾಟುವ ಯುವಕರಿಗೆ ಕೆಲವು ಪ್ರಶ್ನೆ ಕೇಳಿಸಿದರು. ಹೆಚ್ಚು ತಿಳಿಯಬೇಕಿದ್ದರೆ ಕರೆ ಮಾಡಿ ಎಂದು ಅವಳು ಫೋನ್ ನಂಬರು ಕೊಟ್ಟಳು. ನಂಬರು ಪಡೆದ 18 ಜನರಲ್ಲಿ 9 ಮಂದಿ ಆಮೇಲೆ ಕರೆ ಮಾಡಿದರು. ಅದೇ ನದಿಯ ಮೇಲ್ದಂಡೆಯ ಕಡೆ ತಗ್ಗಿನಲ್ಲಿ ಗಟ್ಟಿಯಾಗಿ ನಿಂತ ಮರದ ಸೇತುವೆಯ ಹತ್ತಿರ ನಂಬರು ಪಡೆದ 16 ಜನರಲ್ಲಿ ಕರೆ ಮಾಡಿದವರು ಇಬ್ಬರೇ. ಭಯಕ್ಕೆ ಬಡಿದುಕೊಂಡ ಎದೆಯನ್ನು ಹುಡುಗರು ಸೆಳೆತ ಎಂದು ಓದಿಕೊಂಡಿದ್ದರು ಎಂಬುದು ಸಂಶೋಧಕರ ವಿವರಣೆ. ಶಿರಸಿ ಮಾರಿಜಾತ್ರೆಯ ತೊಟ್ಟಿಲಲ್ಲಿ ಅಕ್ಕಪಕ್ಕ ಕೂತು ಶುರುವಾದ ಪ್ರಕರಣಗಳನ್ನೂ ಈ ಲೆಕ್ಕಕ್ಕೆ ಹಿಡಿಯಬಹುದೇನೋ.

ಮೋಹದಲ್ಲಿ ಎದುರಿನವರ ಬಗ್ಗೆ ಮಾತ್ರ ಮರೆವು ಬರುವುದಿಲ್ಲ, ತನ್ನ ಬಗ್ಗೆಯೂ ಬರುತ್ತದೆ. ಇದನ್ನು ನಮ್ಮ ಕಡೆಯವರು ಯಕ್ಷಗಾನದಲ್ಲಿ ಕಂಡಿದ್ದಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೆಸರುವಾಸಿಯಾದ ವೇಷಗಳಲ್ಲಿ ಭಸ್ಮಾಸುರ ಒಂದು. ಯಾರ ತಲೆ ಮುಟ್ಟಿದರೂ ಸುಡುವ ಕೈಯನ್ನು ತಪಸ್ಸು ಮಾಡಿ, ಕೇಳಿ ಪಡೆದವನು ಅವನು. ಮೋಹಿನಿ ಕುಣಿದಂತೆ ಕುಣಿಯುತ್ತ ಹೋಗುತ್ತಾನೆ, ಅವಳು ಕೈಯನ್ನು ತಲೆಗೊಯ್ದರೆ ತಾನೂ ಒಯ್ಯುತ್ತಾನೆ. ಲೋಕಕ್ಕೆಲ್ಲ ಗೊತ್ತಿದ್ದ ಆ ಕೈಯ ಗುಣ ಅವನೊಬ್ಬನಿಗೇ ಆ ಕ್ಷಣದಲ್ಲಿ ನೆನಪಿಲ್ಲ. ಅವಳಿಗೆ ಇಷ್ಟವೆಂದು ಸಂಗೀತ ಕಲಿಯಲು ಹೊರಟವನು, ಅವನಿಗೆ ಬೇಡವೆಂದು ಹಳೆಯ ಗೆಳತಿಯರನ್ನೇ ಬಿಟ್ಟವಳು, ಇವರೆಲ್ಲ ಆ ಕುಣಿತದ ಒಂದೊಂದು ಹೆಜ್ಜೆ ಹಾಕಿದವರೇ.

ಹಾಗಾದರೆ ಬಾಳುವ ಪ್ರೀತಿ ಎಂದರೇನು? 1986ರಲ್ಲಿ ರಾಬರ್ಟ್ ಸ್ಟರ್ನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಪ್ರೀತಿಯನ್ನು ಮೂರು ಅಂಶಗಳಾಗಿ ಬಿಡಿಸಿದರು: ಆಪ್ತತೆ, ಸೆಳೆತ, ಬದ್ಧತೆ. ಸೆಳೆತ ಒಂದೇ ಇದ್ದರೆ ಅದು ವ್ಯಾಮೋಹ. ಬದ್ಧತೆ ಒಂದೇ ಇದ್ದರೆ ಖಾಲಿ ಪ್ರೀತಿ. ಮೂರೂ ಕೂಡಿದರೆ ಪೂರ್ಣ. ಜಾತಕ ಕೂಡಿಸಿ, ಹೆಣ್ಣು ನೋಡುವ ಶಾಸ್ತ್ರ ಮುಗಿಸಿ ಆಗುವ ಮದುವೆಗಳು ಬದ್ಧತೆಯಿಂದ ಶುರುವಾಗುತ್ತವೆ. ಉಳಿದೆರಡು ಆಮೇಲೆ ಬರಬೇಕು. ಬಂದ ಮನೆಗಳಿವೆ, ಅರವತ್ತಕ್ಕೆ ಬಂದರೂ ಬಾರದ ಮನೆಗಳೂ ಇವೆ. ‘ಲವ್ ಮ್ಯಾರೇಜೆಲ್ಲ ಮೋಹ, ನಮ್ಮದೇ ನಿಜವಾದ ಪ್ರೀತಿ’ ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಮೋಹ ಇಲ್ಲ ಎಂಬುದೊಂದೇ ಪ್ರೀತಿಗೆ ಸಾಕ್ಷಿಯಾಗದು.

ಜತೆಗಿದ್ದು ನೋಡುವುದರಿಂದ ಆಪ್ತತೆ ಬೆಳೆಯುತ್ತದೆ, ಇಲ್ಲವೇ ಬೆಳೆಯುವುದಿಲ್ಲ ಎಂದು ಗೊತ್ತಾಗುತ್ತದೆ. ತದಡಿ, ಕಾರವಾರದ ಬಂದರಿನಿಂದ ಆಳಸಮುದ್ರದ ಬೋಟಿಗೆ ಹೋಗುವ ಗಂಡಸು ದಿನಗಟ್ಟಲೆ ಮನೆಯಲ್ಲಿರುವುದಿಲ್ಲ. ಹೊಸ ಮದುವೆಯಲ್ಲಿ ಆ ದೂರವೇ ಸೆಳೆತಕ್ಕೆ ಎಣ್ಣೆ ಹೊಯ್ಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಹೊರಗೆ ಜಡಿಮಳೆ, ಕೈಯಲ್ಲಿ ದುಡ್ಡಿಲ್ಲ, ಗಂಡ 61 ದಿನ ಕಣ್ಣೆದುರೇ. ಅವನ ಗೊರಕೆ, ಅವಳ ಸಿಡುಕು, ಸಾಲದ ಲೆಕ್ಕ ಎಲ್ಲ ಹೊರಬೀಳುವ ಕಾಲ ಅದು. ಆ ಎರಡು ತಿಂಗಳಲ್ಲಿ ಅವಳಿಗೆ ಗೊತ್ತಾಗುವ ಗಂಡ, ನಿಶ್ಚಿತಾರ್ಥದ ಫೋಟೋದಲ್ಲಿದ್ದವನಿಗಿಂತ ಕಡಿಮೆ ಚೆಂದದವನು, ಆದರೆ ಇರುವ ಮನುಷ್ಯ.

ಆದ್ದರಿಂದ ಇದು ಮೋಹವೋ ಪ್ರೀತಿಯೋ ಎಂದು ಯಾರಾದರೂ ಕೇಳಿದರೆ ನಾನು ಎಷ್ಟು ತಿಂಗಳಾಯಿತು ಎಂದು ಕೇಳುವುದಿಲ್ಲ. ಅವರ ಬಗ್ಗೆ ಇತ್ತೀಚೆಗೆ ನಿನಗೆ ಹಿಡಿಸದ ಯಾವ ಸಂಗತಿ ಗೊತ್ತಾಯಿತು, ಅದನ್ನು ಏನು ಮಾಡಿದೆ ಎಂದು ಕೇಳುತ್ತೇನೆ. ರೈಲಿನ ಆ ಹುಡುಗ ಚಾ ಮಾರುವವನ ಮೇಲೆ ಚಿಲ್ಲರೆಗಾಗಿ ಹರಿಹಾಯ್ದ ಎಂದುಕೊಳ್ಳಿ. ‘ಪಾಪ, ಇವತ್ತು ಅವನಿಗೆ ಏನೋ ಬೇಜಾರು’ ಎಂದು ಮನಸ್ಸು ತಕ್ಷಣ ತೇಪೆ ಹಾಕಿದರೆ ಅದು ಮೋಹದ ಕೆಲಸ. ಪ್ರೀತಿಸುವವಳು ‘ಹಾಗೆ ಕೂಗಿದ್ದು ಸರಿಯಲ್ಲ ಮಾರಾಯ’ ಎಂದು ಅವನಿಗೇ ಹೇಳಿಯಾಳು. ಜಗಳ ಆದೀತು, ಜಗಳ ಆಗಿಯೂ ಮರುದಿನ ಮಾತು ಮುಂದುವರಿದೀತು. ಕೆಲವೊಮ್ಮೆ ಗೊತ್ತಾದ ಸಂಗತಿ ದೊಡ್ಡದಿದ್ದು ಬಿಟ್ಟು ಹೋಗುವುದೂ ಉಂಟು; ಕಣ್ಣು ತೆರೆದು ಬಿಟ್ಟರೆ ಅದು ಪ್ರೀತಿಗೆ ಅವಮಾನವಲ್ಲ. ಇನ್ನೊಂದು ಗುರುತು: ಮೋಹಕ್ಕೆ ಬೇಕಾದ್ದು ‘ಅವನು ನನ್ನನ್ನು ನೋಡಲಿ’ ಎಂಬುದು. ಅವನಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು ಎಂದರೆ ಅವನಿಗಾಗಿ ಮೊದಲು ಖುಷಿ ಬರುತ್ತದೋ, ತನಗಾಗಿ ಮೊದಲು ದುಃಖ ಬರುತ್ತದೋ, ಅದನ್ನು ಗಮನಿಸಿದರೆ ತಿಳಿಯುತ್ತದೆ.

ಮೋಹ ಇಳಿದರೆ ಸೆಳೆತವೂ ಸತ್ತಿತು ಎಂಬ ನಂಬಿಕೆ ಮಾತ್ರ ಪೂರ್ತಿ ಸರಿಯಲ್ಲ. ಆರ್ಥರ್ ಆರನ್, ಹೆಲೆನ್ ಫಿಶರ್ ಮತ್ತು ಜತೆಗಾರರು 2005ರಲ್ಲಿ ಹೊಸ ಪ್ರೇಮಿಗಳ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದ್ದರು. ಪ್ರಿಯರ ಫೋಟೋ ಕಂಡಾಗ ಬೇಕು ಎಂಬ ಹಂಬಲ ಹುಟ್ಟಿಸುವ ಡೋಪಮೈನ್ ಎಂಬ ರಾಸಾಯನಿಕವನ್ನು ಹೊರಡಿಸುವ ಭಾಗ ಚುರುಕಾಗಿತ್ತು. ಸರಾಸರಿ 21 ವರ್ಷ ಸಂಸಾರ ಮಾಡಿಯೂ ಇನ್ನೂ ಗಾಢ ಪ್ರೀತಿಯಲ್ಲಿದ್ದೇವೆ ಎನ್ನುವ 17 ಜನರ ಮೇಲಿನ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವರಲ್ಲೂ ಅದೇ ಭಾಗ ಬೆಳಗಿತ್ತು, ಹೊಸಬರಲ್ಲಿ ಕಾಣುವ ಆತಂಕದ ಲಕ್ಷಣ ಮಾತ್ರ ಇರಲಿಲ್ಲ. ಕಳವಳ ಹೋಗಿ ಸೆಳೆತ ಉಳಿದಿರುವುದು ಸಾಧ್ಯ ಎಂದಾಯಿತು.

ಕೊನೆಯದಾಗಿ, ಮೋಹದ ಹೆಸರಿನಲ್ಲಿ ಓಡಾಡುವ ಇನ್ನೊಂದು ವಸ್ತುವಿದೆ. ಚಿಟ್ಟಾಣಿಯವರ ಇನ್ನೊಂದು ಪ್ರಸಿದ್ಧ ವೇಷ ಕೀಚಕನದು. ಸೈರಂಧ್ರಿ ಒಲ್ಲೆ ಎಂದ ಮೇಲೂ ಅವನು ಬಿಡಲಿಲ್ಲ. ಬೇಡ ಎಂದವಳ ಹಿಂದೆ ಬೀಳುವುದನ್ನು, ಮೆಸೇಜು ಮಾಡಿ ಪೀಡಿಸುವುದನ್ನು ‘ಅಷ್ಟು ಪ್ರೀತಿ ಮಾರಾಯ ಅವನಿಗೆ’ ಎಂದು ಮೆಚ್ಚುವ ಗೆಳೆಯರು ಎಲ್ಲ ಊರಲ್ಲೂ ಇರುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅದು ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ಅದರ ಆಚೆ, ಯಾರಿಗೂ ತೊಂದರೆ ಕೊಡದೆ ತಾನೇ ಊಟ ನಿದ್ದೆ ಬಿಟ್ಟು, ಓದು ಬಿಟ್ಟು ಕೊರಗುವವರಿಗೆ ‘ಮಳ್ಳು’ ಎಂದು ನಕ್ಕು ಬಿಟ್ಟರೆ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.