ಶಾಲೆ ಮತ್ತೆ ಮುಚ್ಚಿದರೆ ಏನು ಮಾಡೋದು? ಮೊದಲು ಫೋನ್ ಯಾರ ಜೇಬಿನಲ್ಲಿದೆ ನೋಡಿ

"ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗ ಏಳನೇ ಕ್ಲಾಸು, ಮಗಳು ಎರಡನೇ ಕ್ಲಾಸು. ಕೊರೊನಾ ಥರದ್ದು ಇನ್ನೊಂದು ಬಂದು ಶಾಲೆ ಮುಚ್ಚಿದರೆ ಕೆಲಸ, ಮಕ್ಕಳು, ಆನ್‌ಲೈನ್ ಪಾಠ ಮೂರನ್ನೂ ಹೇಗೆ ನಿಭಾಯಿಸೋದು? ಆಗ ನೀವೆಲ್ಲ ಹೇಗೆ ನಿಭಾಯಿಸಿದಿರಿ?"

ಹೊಸ ಜ್ವರದ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ನೆಗಡಿ-ಕೆಮ್ಮು ತರುವ ಎಚ್‌ಎಂಪಿವಿ ಪತ್ತೆಯಾಯಿತು ಎಂದು ಟಿವಿಯಲ್ಲಿ ಬಂತಲ್ಲ, ಅವತ್ತು ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ "ಸ್ಕೂಲ್ ಮುಚ್ತಾರಂತೆ, ಹೌದಾ?" ಶುರುವಾಗಿತ್ತು. ಮುಚ್ಚಲಿಲ್ಲ. ಅದು ಹಳೇ ವೈರಸ್ಸು, ಮುಚ್ಚುವಂಥದ್ದೇನೂ ಇರಲಿಲ್ಲ. ಆದರೂ ಹೊಟ್ಟೆಯಲ್ಲಿ ಒಂದು ಸಲ ಕಲೆಸಿದ ಹಾಗಾಗಿದ್ದು ನಿಜ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೂರನ್ನೂ ನಿಭಾಯಿಸಿದವರನ್ನು ನಾನಂತೂ ನೋಡಲಿಲ್ಲ. ಎಲ್ಲರೂ ಏನಾದರೊಂದನ್ನು ಕೈಬಿಟ್ಟರು. ಯಾವುದನ್ನು ಬಿಡೋದು ಅಂತ ಕೂತು ಮಾತಾಡಿಕೊಂಡ ಮನೆಗಳು ಹೇಗೋ ನಡೆದವು. ಮಾತಾಡದ ಮನೆಗಳಲ್ಲಿ ಬಿಟ್ಟುಹೋಗಿದ್ದು ಅಮ್ಮನ ಕೆಲಸ, ಅಮ್ಮನ ನಿದ್ದೆ, ಇಲ್ಲವೇ ದೊಡ್ಡ ಮಗಳ ಓದು. ಯಾರೂ ಹೀಗಾಗಲಿ ಅಂದುಕೊಂಡಿರಲಿಲ್ಲ, ಆದರೆ ಹಾಗೇ ಆಯಿತು.

ಆ ಕಾಲ ಎಷ್ಟು ಉದ್ದವಿತ್ತು ಅನ್ನೋದೇ ಈಗ ಮರೆತುಹೋಗಿದೆ. 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ಆಯಿತು. ಅದೇ ತಿಂಗಳು 25ರಿಂದ ಇಡೀ ದೇಶಕ್ಕೆ ಬೀಗ. ಮೊದಲು ಹೇಳಿದ್ದು 21 ದಿನ. ನಾವು ಮಗಳ ಯೂನಿಫಾರ್ಮ್ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೆವು, ಪಾಪ. ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 19 ತಿಂಗಳು! ಇಷ್ಟು ದಿನ ಒಂದೇ ಟೈಂಟೇಬಲ್ ಯಾವ ಮನೆಯಲ್ಲೂ ನಡೆಯೋದಿಲ್ಲ.

ಈಗ ಫೋನಿನ ವಿಷಯ. ನಮ್ಮ ಮನೆ ಹಿಂದಿನ ವಠಾರದಲ್ಲಿ ಒಂದು ಕುಟುಂಬ. ಅವಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಗಂಡ ಆಟೋ. ಇಬ್ಬರು ಮಕ್ಕಳು, ಇಂಟರ್‌ನೆಟ್ ಇರೋದು ಗಂಡನ ಫೋನಿನಲ್ಲಿ ಮಾತ್ರ. ಆ ಫೋನು ಬೆಳಿಗ್ಗೆ ಎಂಟಕ್ಕೆ ಆಟೋ ಜೊತೆ ಹೊರಟರೆ ವಾಪಸ್ ಬರುವುದು ರಾತ್ರಿ ಎಂಟಕ್ಕೆ. ಬಾಡಿಗೆ ಸಿಗೋದೇ ಆ ಫೋನಿನಿಂದ, ಮನೆಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಹಾಗಾಗಿ ಅವರ ಮನೆಯಲ್ಲಿ ಶಾಲೆ ಶುರುವಾಗುತ್ತಿದ್ದದ್ದು ರಾತ್ರಿ ಎಂಟೂವರೆಗೆ. ಟೀಚರ್ ಬೆಳಿಗ್ಗೆ ಕಳಿಸಿದ ವಿಡಿಯೊ, ಹೋಮ್‌ವರ್ಕ್ ಫೋಟೊ ಎಲ್ಲ ಆಗ ಇಳಿಸಿಕೊಳ್ಳಬೇಕು. ದೊಡ್ಡವಳಿಗೆ ಒಂದು ಗಂಟೆ, ಚಿಕ್ಕವನಿಗೆ ಅರ್ಧ ಗಂಟೆ, ಅಷ್ಟರಲ್ಲಿ ಆ ದಿನದ ಡೇಟಾ ಮುಗಿದಿರುತ್ತಿತ್ತು, ಇಲ್ಲವೇ ಚಿಕ್ಕವನು ನಿದ್ದೆ ಹೋಗಿರುತ್ತಿದ್ದ. ಎರಡೂ ಸಾಮಾನ್ಯವಾಗಿ ಒಟ್ಟಿಗೇ ಆಗುತ್ತಿತ್ತು. ಹಗಲೆಲ್ಲ ತಮ್ಮನನ್ನು ನೋಡಿಕೊಂಡು, ಅನ್ನ ಮಾಡಿ, ನೀರು ಹಿಡಿದಿಟ್ಟವಳು ಆ ದೊಡ್ಡವಳೇ. ಅವಳಿಗೆ ಆಗ 12 ವರ್ಷ.

ಆದ್ದರಿಂದ ನಿಮ್ಮ ಮನೆಯಲ್ಲೂ ಮೊದಲು ಲೆಕ್ಕ ಹಾಕಬೇಕಾದದ್ದು ಫೋನಿನ ಗಂಟೆಗಳನ್ನು. ಯಾವ ಫೋನು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತದೆ? ಲೈವ್ ಕ್ಲಾಸು ಯಾರಿಗೆ ಬೇಕೇ ಬೇಕು? ಎಸ್‌ಎಸ್‌ಎಲ್‌ಸಿ ಮಗು ಇದ್ದರೆ ಅದಕ್ಕೆ ಮೊದಲ ಹಕ್ಕು, ಎರಡನೇ ಕ್ಲಾಸಿನವಳಿಗೆ ರೆಕಾರ್ಡ್ ಮಾಡಿದ್ದು ಸಾಕು. ಇದು ಕೇಳೋಕೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಸರ್ಕಾರ ಕೂಡ ಕೊನೆಗೆ ಇದನ್ನೇ ಮಾಡಿತು. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ಯೋಜನೆಯಲ್ಲಿ ಮಕ್ಕಳನ್ನು ಮೊದಲು ವಿಂಗಡಿಸಿದ್ದು ಫೋನೇ ಇಲ್ಲದವರು, ಕೀಪ್ಯಾಡ್ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು ಅಂತ. ಆಮೇಲೆ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋದರು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಎಲ್ಲಿ ನೆರಳಿತ್ತೋ ಅಲ್ಲಿ ಪಾಠ. ನನ್ನ ಲೆಕ್ಕದಲ್ಲಿ ಆ ಎರಡು ವರ್ಷದ ಒಳ್ಳೇ ಯೋಚನೆ ಅಂದರೆ ಅದೊಂದೇ. ಅಕ್ಟೋಬರ್‌ನಲ್ಲಿ ಸೋಂಕಿನ ಸುದ್ದಿಗಳು ಬಂದು ನಿಂತುಹೋಯಿತು, 2021ರ ಜನವರಿಗೆ ಶಾಲೆಯ ಅಂಗಳದಲ್ಲಿ ಮತ್ತೆ ಶುರುವಾಯಿತು. ಮೇಷ್ಟ್ರುಗಳ ಮನೆಯಲ್ಲೂ ಮಕ್ಕಳಿದ್ದವು, ಅವುಗಳಿಗೂ ಶಾಲೆ ಇರಲಿಲ್ಲ ಅನ್ನೋದನ್ನು ಮಾತ್ರ ಯಾರೂ ಕೇಳಲಿಲ್ಲ.

ಅದಕ್ಕೂ ಮೊದಲಿನ ಗೊಂದಲ ನಿಮಗೆ ನೆನಪಿರಬಹುದು. 2020ರ ಜೂನ್‌ನಲ್ಲಿ ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಅಂದರು. ಜುಲೈ 8ಕ್ಕೆ ಹೈಕೋರ್ಟ್ ಆ ನಿರ್ಬಂಧಕ್ಕೆ ತಡೆ ಕೊಟ್ಟಿತು. ವಾರದ ಅಂತರದಲ್ಲಿ ಕೇಂದ್ರದಿಂದ ಆನ್‌ಲೈನ್ ಪಾಠಕ್ಕೆ 'ಪ್ರಜ್ಞಾತಾ' ಮಾರ್ಗಸೂಚಿ ಬಂತು. ಇದನ್ನು ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಶಾಲೆಗೆ ಇನ್ನೂ ಸೇರದ ಪುಟ್ಟ ಮಕ್ಕಳಿಗೆ ದಿನಕ್ಕೆ 30 ನಿಮಿಷ ದಾಟಬಾರದು. ಒಂದರಿಂದ ಎಂಟನೇ ಕ್ಲಾಸಿಗೆ 30ರಿಂದ 45 ನಿಮಿಷದ ಎರಡು ಅವಧಿ, ಒಂಬತ್ತರಿಂದ ಹನ್ನೆರಡಕ್ಕೆ ನಾಲ್ಕು ಅವಧಿ. ಅಂದರೆ ನಿಮ್ಮ ಎರಡನೇ ಕ್ಲಾಸಿನ ಮಗಳಿಗೆ ಹೆಚ್ಚೆಂದರೆ ಒಂದೂವರೆ ಗಂಟೆ. ನಮ್ಮ ಮಗಳ ಶಾಲೆಯವರು ಮೂರು ಗಂಟೆ ಕೂರಿಸುತ್ತಿದ್ದರು. ನಾವೂ ಬಾಯಿ ಮುಚ್ಚಿಕೊಂಡು ಕೂರಿಸಿದೆವು, ಯಾಕೆಂದರೆ ಆ ಮೂರು ಗಂಟೆ ಅವಳು ನಮ್ಮ ತಲೆ ತಿನ್ನುವುದಿಲ್ಲ ಅಂತ ಒಳಗೊಳಗೇ ಖುಷಿ. ಇದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.

ನಮ್ಮ ಮನೆ ಕಥೆ ಇಷ್ಟು. ಎರಡು ಕೋಣೆಯ ಬಾಡಿಗೆ ಮನೆ. ಗಂಡನಿಗೆ ದಿನವಿಡೀ ಕಾಲ್, ನನಗೆ ಒಂದು ಚಿಕ್ಕ ಕಂಪನಿಯ ಲೆಕ್ಕ ನೋಡುವ ಕೆಲಸ, ಮಗಳು ಆಗ ಎರಡನೇ ಕ್ಲಾಸು. ಮೊದಲ ಎರಡು ತಿಂಗಳು ನಾನು ಅವಳ ಪಕ್ಕ ಕೂತು, ಒಂದು ಕಿವಿಯಲ್ಲಿ ಮೀಟಿಂಗ್, ಇನ್ನೊಂದು ಕಿವಿಯಲ್ಲಿ 'ಒತ್ತಕ್ಷರ' ಅಂತ ನಡೆಸಿದೆ. ಎರಡೂ ಕೆಟ್ಟವು. ಒಂದು ದಿನ ಒಂದೇ ಬಿಲ್ಲನ್ನು ಎರಡು ಸಲ ಬರೆದು ಬೈಸಿಕೊಂಡೆ. ಅದೇ ವಾರ ಮಿಸ್ಸು ಪ್ರಶ್ನೆ ಕೇಳಿದಾಗ ಇವಳು ಕ್ಯಾಮೆರಾ ಆಫ್ ಮಾಡಿ, ಮುಖ ಗಂಭೀರ ಮಾಡಿಕೊಂಡು, "ವಾಯ್ಸ್ ಬ್ರೇಕ್ ಆಗ್ತಿದೆ ಮಿಸ್, ಕೇಳಿಸ್ತಿಲ್ಲ" ಅಂದಳು. ನೆಟ್‌ವರ್ಕ್ ಸರಿಯಾಗೇ ಇತ್ತು. ಯಾರಿಂದ ಕಲಿತಳು ಅಂತ ನಾನು ತಿರುಗಿ ನೋಡಿದರೆ ಅವರಪ್ಪ ಲ್ಯಾಪ್‌ಟಾಪ್ ಹಿಂದೆ ತಲೆ ಬಗ್ಗಿಸಿ ಕೂತಿದ್ದರು.

ಆ ರಾತ್ರಿ ಕೂತು ಮಾತಾಡಿದೆವು. ಕನ್ನಡ ಮತ್ತು ಗಣಿತ ಬಿಟ್ಟು ಉಳಿದ ಕ್ಲಾಸು ಬಿಟ್ಟೆವು. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ನಾನು ಲೆಕ್ಕದ ಕೆಲಸ ಮುಗಿಸುವುದು, ಆಗ ಅವಳು ಅವರಪ್ಪನ ಪಾಲು. ಹತ್ತರಿಂದ ಹನ್ನೊಂದೂವರೆ ನಾನು ಆಫೀಸಿಗೆ ಸಿಗುವುದಿಲ್ಲ ಅಂತ ಮೊದಲೇ ಮೇಲ್ ಹಾಕಿದೆ. ಹೆದರಿಕೊಂಡೇ ಹಾಕಿದೆ. ಆಮೇಲೆ ಟೀಚರ್‌ಗೆ ಫೋನ್ ಮಾಡಿ, "ಮಿಸ್, ಇವಳು ದಿನಕ್ಕೆ ಎರಡೇ ಕ್ಲಾಸಿಗೆ ಬರ್ತಾಳೆ, ದಯವಿಟ್ಟು ಬೇಜಾರು ಮಾಡ್ಕೋಬೇಡಿ" ಅಂದೆ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. "ನೀವು ಹೇಳಿ ಬಿಡ್ತಿದೀರಿ, ಬೇರೆಯವರು ಹೇಳದೇ ಬಿಟ್ಟಿದಾರೆ" ಅಂದರು. ಅವರ ಹಿಂದೆಯೂ ಮಗುವೊಂದು ಅಳುತ್ತಿತ್ತು.

ಬೆಳಿಗ್ಗೆಯ ಆ ಒಂದೂವರೆ ಗಂಟೆ ಅಪ್ಪನ ಪಾಲು ಅಂದೆನಲ್ಲ, ಅದನ್ನು ಗಡಿಯಾರದ ಲೆಕ್ಕದಲ್ಲೇ ಇಡಿ. "ನಾನೂ ನೋಡ್ಕೋತೀನಿ" ಅನ್ನುವ ಮಾತಿಗೆ ಬೆಲೆ ಇಲ್ಲ. ಗೋಡೆಗೆ ಒಂದು ಹಾಳೆ ಅಂಟಿಸಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ ಮಗು ಯಾರದ್ದು ಅಂತ ಬರೆಯಿರಿ. ನಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ಆ ಹಾಳೆಯಿಂದ ನಿಂತವು.

ಅಡುಗೆಯನ್ನು ಎಲ್ಲರೂ ಮರೆಯುತ್ತಾರೆ. ಸರ್ಕಾರಿ ಶಾಲೆ ಮುಚ್ಚಿದಾಗ ಬಿಸಿಯೂಟವೂ ನಿಂತಿತು. ಬದಲಿಗೆ ಅಕ್ಕಿ ಬೇಳೆ ಮನೆಗೆ ಕೊಟ್ಟರು, ಸರಿ, ಆದರೆ ಅದನ್ನು ಬೇಯಿಸೋರು ಯಾರು? ಕೂಲಿಗೆ ಹೋಗುವ ಅಮ್ಮ ಬೆಳಿಗ್ಗೆ ಇನ್ನೊಂದು ಗಂಟೆ ಮೊದಲೇ ಏಳಬೇಕಾಯಿತು. ನಮ್ಮಂಥವರ ಮನೆಯಲ್ಲೂ ದಿನಕ್ಕೆ ಮೂರು ಹೊತ್ತು ಎಲ್ಲರೂ ಮನೆಯಲ್ಲೇ. ಅಪಾರ್ಟ್‌ಮೆಂಟುಗಳು ಮನೆಕೆಲಸದವರಿಗೆ ಗೇಟು ಹಾಕಿದ ಮೇಲೆ ಪಾತ್ರೆಯೂ ನಮ್ಮ ತಲೆಗೇ. ಗೇಟಿನ ಆಚೆ ನಿಂತವರಿಗೆ ಆಗ ಸಂಬಳವೂ ಇಲ್ಲ, ಮನೆ ತುಂಬ ಮಕ್ಕಳು, ಅದು ಬೇರೆಯೇ ಲೆಕ್ಕ. ನಾವು ಕಂಡುಕೊಂಡದ್ದು ಒಂದೇ ಉಪಾಯ: ಮಧ್ಯಾಹ್ನ ಬರೀ ಚಿತ್ರಾನ್ನ ಅಥವಾ ಮೊಸರನ್ನ, ಯಾರೂ ಮುಖ ಸಿಂಡರಿಸುವ ಹಾಗಿಲ್ಲ.

ಊರಿನ ಕಡೆ ತೊಂದರೆ ಇನ್ನೊಂದು ಥರ. ಸುಳ್ಯ ತಾಲ್ಲೂಕಿನಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಕ್ಲಾಸು ಕೇಳುತ್ತಿದ್ದ ಹುಡುಗಿ, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಅಪ್ಪ, ಆ ಫೋಟೊ 2021ರ ಜೂನ್‌ನಲ್ಲಿ ಎಲ್ಲರ ಫೋನಿಗೂ ಬಂದಿತ್ತು. ನೋಡಿ ಎಲ್ಲರೂ ಭಲೇ ಅಪ್ಪ ಅಂದೆವು. ನನಗೆ ಅನ್ನಿಸಿದ್ದು, ಆ ಹೊತ್ತಿನಲ್ಲಿ ಅವರ ತೋಟದ ಕೆಲಸ ಯಾರು ನೋಡಿಕೊಂಡರೋ ಅಂತ. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನಲ್ಲಿ ಒಬ್ಬ ತಾಯಿ ಮಕ್ಕಳು ಚಂದನ ವಾಹಿನಿಯ ಪಾಠ ನೋಡಲಿ ಅಂತ ತಾಳಿ ಅಡವಿಟ್ಟು ಟಿವಿ ತಂದರು. ಪಾಠ ಪುಕ್ಕಟೆ ಬರುತ್ತಿತ್ತು, ಅದನ್ನು ನೋಡುವ ಪೆಟ್ಟಿಗೆ ಮಾತ್ರ ಪುಕ್ಕಟೆ ಇರಲಿಲ್ಲ.

ಅಜ್ಜ-ಅಜ್ಜಿ ಇದ್ದರೆ ಅನುಕೂಲ ಅನ್ನುತ್ತಾರೆ, ನಿಜ. ಆದರೆ ಆ ಕಾಯಿಲೆ ಹೆಚ್ಚು ಹೆದರಿಸಿದ್ದೇ ಅವರನ್ನು. ಹೊರಗೆ ದುಡಿದು ಬರುವ ಮಗ, ಒಳಗೆ ಮೊಮ್ಮಕ್ಕಳನ್ನು ನೋಡುವ ಅಜ್ಜಿ, ನಡುವೆ ಒಂದೇ ಬಾಗಿಲು. ನಮ್ಮ ಅತ್ತೆ ಮೈಸೂರಿನಲ್ಲೇ ಉಳಿದು ಫೋನಿನಲ್ಲೇ ಅಜ್ಜಿಯಾದರು. ದಿನಾ ಸಂಜೆ ಆರೂವರೆಗೆ ನ್ಯೂಜೆರ್ಸಿಯ ಮೊಮ್ಮಗನಿಗೆ ವಿಡಿಯೊ ಕಾಲ್, ಅಲ್ಲಿ ಬೆಳಿಗ್ಗೆ ಒಂಬತ್ತು. ಅರ್ಧ ಗಂಟೆ ಕಥೆ, ಲೆಕ್ಕ, ಹಾಡು. ಅಷ್ಟರಲ್ಲಿ ಅವರಮ್ಮ ಒಂದು ಮೀಟಿಂಗ್ ಮುಗಿಸುತ್ತಿದ್ದಳು. ಆಮೇಲೆ ನಮ್ಮ ಮಗಳ ಸರದಿ. ದೂರದಲ್ಲಿದ್ದೂ ಮಗು ನೋಡಿಕೊಳ್ಳಬಹುದು ಅಂತ ನಮಗೆ ತೋರಿಸಿದ್ದು ಅವರೇ.

ಹತ್ತಿರದಲ್ಲಿ ನಂಬಿಕೆಯ ಎರಡು ಮೂರು ಮನೆಗಳಿದ್ದರೆ ಸರದಿ ಮಾಡಿಕೊಳ್ಳಿ. ಸೋಂಕು ಇಳಿದ ತಿಂಗಳುಗಳಲ್ಲಿ ನಮ್ಮ ಬೀದಿಯಲ್ಲಿ ಮೂರು ಮನೆಯವರು ಇದನ್ನು ಮಾಡಿದರು. ಸೋಮವಾರ ನಮ್ಮ ಟೆರೇಸು, ಬುಧವಾರ ಅವರದ್ದು. ಹಿಂದಿನ ವಠಾರದ ದೊಡ್ಡವಳು ತಮ್ಮನನ್ನೂ ಕರೆದುಕೊಂಡು ಬರುತ್ತಿದ್ದಳು. ಆ ಎರಡು ಗಂಟೆ ಅವಳು ಯಾರನ್ನೂ ನೋಡಿಕೊಳ್ಳಬೇಕಾಗಿರಲಿಲ್ಲ.

ಕೊನೆಗೆ ಪಾಠ ಹೋಯಿತಾ ಅಂದರೆ, ಹೋಯಿತು. ಅಸರ್ ಸಮೀಕ್ಷೆಯವರು 2021ರ ಮಾರ್ಚ್‌ನಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ನೋಡಿದಾಗ, ಎರಡನೇ ಕ್ಲಾಸಿನ ಪಠ್ಯ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 100ಕ್ಕೆ ಸುಮಾರು 10 ಮಾತ್ರ. 2018ರಲ್ಲಿ ಸುಮಾರು 19 ಇತ್ತು. ಅದಕ್ಕೇ 2022ರಲ್ಲಿ ಸರ್ಕಾರ 'ಕಲಿಕಾ ಚೇತರಿಕೆ' ಅಂತ ಶುರುಮಾಡಿ, ಬಿಟ್ಟುಹೋದದ್ದನ್ನು ಹಿಂದಿನಿಂದ ಕಲಿಸಿತು. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟೇ: ಚಿಕ್ಕ ಮಕ್ಕಳಿಗೆ ಏನು ಬಿಟ್ಟರೂ ಗಟ್ಟಿಯಾಗಿ ಓದಿಸುವುದು, ಕೈಯಲ್ಲಿ ಬರೆಸುವುದು ಬಿಡಬೇಡಿ. ದಿನಕ್ಕೆ 20 ನಿಮಿಷ ಸಾಕು, ಅನ್ನ ಬೇಯುವ ಹೊತ್ತು. ಪೇಪರಿನ ಹೆಡ್‌ಲೈನ್ ಓದಿಸಿ, ದಿನಸಿ ಚೀಟಿ ಬರೆಸಿ. ನಮ್ಮ ಮಗಳು 'ಹುರಿಗಡಲೆ'ಯನ್ನು ಆರು ತಿಂಗಳು ತಪ್ಪಾಗಿ ಬರೆದಳು. ಅಂಗಡಿಯವರು ಸರಿಯಾಗಿಯೇ ಕೊಟ್ಟರು.

2021ರ ಅಕ್ಟೋಬರ್ 25, ಸೋಮವಾರ. ಇಸ್ತ್ರಿ ಮಾಡಿ ಇಟ್ಟಿದ್ದ ಯೂನಿಫಾರ್ಮ್ ಹೇಗೋ ಮೈಮೇಲೆ ಕೂತಿತು. ಶೂ ಎರಡು ಸೈಜು ಚಿಕ್ಕದು. ಅಂಗಡಿ ಇನ್ನೂ ತೆರೆದಿರಲಿಲ್ಲ, ಚಪ್ಪಲಿಯಲ್ಲೇ ಕಳಿಸಿದೆವು. ಹತ್ತೂವರೆಗೆ ಒಂದು ಮೀಟಿಂಗ್ ಇತ್ತು, ಅದಕ್ಕೆ ಕೂತೆ.