ಹೆಸರಿಲ್ಲದ ಚೈನ್ ಸಾ: ಮೊದಲು ಹಗ್ಗ ಎಳೆಯಬೇಡಿ

ಕಳೆದ ತಿಂಗಳು ಕಲಘಟಗಿ ಕಡೆಯ ರೈತರೊಬ್ಬರು ಗೋಣಿಚೀಲದಲ್ಲಿ ಸುತ್ತಿಕೊಂಡು ಒಂದು ಮಷೀನು ತಂದರು. ಹುಬ್ಬಳ್ಳಿಯ ನಮ್ಮ ಅಂಗಡಿಗೆ ಬರುವುದು ಹೆಚ್ಚಾಗಿ ಔಷಧಿ ಹೊಡೆಯುವ ಪವರ್ ಸ್ಪ್ರೇಯರು, ಹುಲ್ಲು ಕೊಯ್ಯುವ ಬ್ರಷ್ ಕಟರು. ಇದು ಮರ ಕೊಯ್ಯುವ ಹಳೇ ಚೈನ್ ಸಾ. ಮೈತುಂಬ ಹಸಿರು ಬಣ್ಣ. ಟ್ರ್ಯಾಕ್ಟರಿಗೆ ಹೊಡೆದು ಉಳಿದ ಬಣ್ಣವನ್ನು ಯಾರೋ ಇದಕ್ಕೂ ಬಳಿದಿದ್ದರು. ಹೆಸರಿನ ಪಟ್ಟಿ ಇರಬೇಕಾದ ಜಾಗದಲ್ಲಿ ಎರಡು ತೂತು ಮಾತ್ರ.

"ಅಪ್ಪ ತಗೊಂಡಿದ್ರಿ ಇದನ್ನ. ದನದ ಮನಿ ಅಟ್ಟದ ಮ್ಯಾಲೆ ಇಪ್ಪತ್ತು ವರ್ಷ ಬಿದ್ದಿತ್ರಿ. ಚಾಲೂ ಆಕ್ಕೈತೇನ್ರಿ?" ಎನ್ನುತ್ತಲೇ ಚಾಲೂ ಮಾಡುವ ಹಗ್ಗಕ್ಕೆ ಕೈ ಹಾಕಿದರು. ನಾನು ಅವರ ಕೈ ಹಿಡಿದೆ. "ಸ್ವಲ್ಪ ತಡೀರಿ ಅಣ್ಣಾರ."

ಇಪ್ಪತ್ತು ವರ್ಷ ಸುಮ್ನೆ ಕೂತ ಮಷೀನಿನ ಒಳಗೆ ಏನಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಸೈಲೆನ್ಸರ್ ಬಾಯಲ್ಲಿ ಹುಳ ಮಣ್ಣಿನ ಗೂಡು ಕಟ್ಟಿರಬಹುದು. ಪಿಸ್ಟನ್ನಿನ ರಿಂಗು ಅಂಟಿರಬಹುದು, ಬೇರಿಂಗಿಗೆ ತುಕ್ಕು ಹಿಡಿದಿರಬಹುದು. ಆಗ ಒಂದು ಸಲ ಜೋರಾಗಿ ಎಳೆದರೂ ಆ ಮಣ್ಣು ಬೋರನ್ನು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈಯನ್ನು, ಉಜ್ಜಿಕೊಂಡೇ ಹೋಗುತ್ತದೆ. ನನ್ನ ಬಳಿ ಬರುವ ಹಳೇ ಮಷೀನುಗಳಲ್ಲಿ ಎಷ್ಟೋ ಅಟ್ಟದ ಮೇಲೆ ಹಾಳಾದದ್ದಲ್ಲ. ಕೆಳಗಿಳಿಸಿದ ದಿನ ಹಾಳಾದದ್ದು.

ಮೊದಲು ಪ್ಲಗ್ ಬಿಚ್ಚಿ ಆ ತೂತಿಗೆ ಎರಡು ಚಮಚ ಟೂ-ಸ್ಟ್ರೋಕ್ ಆಯಿಲ್ ಹಾಕಿ, ಒಂದು ರಾತ್ರಿ ಬಿಡಿ. ಆಮೇಲೆ ಸೈಲೆನ್ಸರ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಪಿಸ್ಟನ್ನಿನ ಮೈ ಮತ್ತು ರಿಂಗು ಅಲ್ಲೇ ಕಾಣುತ್ತವೆ. ಮೈ ನುಣ್ಣಗಿದ್ದರೆ ಅರ್ಧ ಯುದ್ಧ ಗೆದ್ದಂತೆ. ಉದ್ದುದ್ದ ಗೀರು ಇದ್ದರೆ ಸಿಲಿಂಡರ್ ಬಿಚ್ಚಲೇಬೇಕು. ಇವರ ಮಷೀನಿನಲ್ಲಿ ಗೀರಿತ್ತು.

ಅವರು ಇನ್ನೊಂದು ಡಬ್ಬಿಯನ್ನೂ ತಂದಿದ್ದರು. ಊರಲ್ಲಿ ಯಾರೋ "ಇದು ಸ್ಟಿಲ್ 090" ಎಂದಿದ್ದರಂತೆ. ಸ್ಟಿಲ್ ಅಂದರೆ ಜರ್ಮನಿಯ ಚೈನ್ ಸಾ ಕಂಪನಿ, 090 ಅದರದೊಂದು ಮಾಡೆಲು. ಅದನ್ನು ನಂಬಿ ಹೊಸ ಪಿಸ್ಟನ್ ತರಿಸಿಬಿಟ್ಟಿದ್ದರು. ಮಷೀನು ಬಿಚ್ಚುವ ಮುಂಚೆಯೇ!

ಹೆಸರಿನ ಪಟ್ಟಿ ಇರುವುದು ಹೊರಗಿನ ಕವರಿನ ಮೇಲೆ. ಮೊದಲು ಒಡೆಯುವುದೂ ಅದೇ, ಮೊದಲು ಬದಲಾಗುವುದೂ ಅದೇ. ಇನ್ನೊಂದು ಮಷೀನಿನ ಕವರು ಇದಕ್ಕೆ ಬಂದು ಕೂತಿರುತ್ತದೆ. ಬಣ್ಣವಂತೂ ಏನೂ ಹೇಳುವುದಿಲ್ಲ. ಹಾಗಾಗಿ ನಾನು ಸುಲಭಕ್ಕೆ ಬದಲಾಗದ ಭಾಗಗಳನ್ನು ಕೇಳುತ್ತೇನೆ: ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಬುಡದ ಲೋಹದ ಕವಚ) ಮೇಲಿನ ಅಚ್ಚು, ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ), ಬೋರು (ಸಿಲಿಂಡರಿನ ಒಳಗಿನ ಅಗಲ).

ಕ್ರ್ಯಾಂಕ್‌ಕೇಸನ್ನು ಡೀಸೆಲ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆಸಿಡ್ ಮುಟ್ಟಿಸಬೇಡಿ. ಇಂಥ ಕೇಸುಗಳು ಹೆಚ್ಚಾಗಿ ಮ್ಯಾಗ್ನೀಸಿಯಂ ಮಿಶ್ರಲೋಹದವು, ಆಸಿಡ್ ಅದನ್ನು ತಿಂದುಹಾಕುತ್ತದೆ. ಬಣ್ಣದ ಕೆಳಗೆ ಉಬ್ಬಿದ ಅಕ್ಷರ ಇದೆ ಅನ್ನಿಸಿದರೆ ಕೆರೆಯುವ ಅವಸರ ಬೇಡ. ಶಾಲೆಯ ಬಿಳಿ ಚಾಕ್ ತೆಗೆದುಕೊಂಡು ಅಡ್ಡ ಹಿಡಿದು ಮೆಲ್ಲಗೆ ತಿಕ್ಕಿ. ಉಬ್ಬಿದ ಭಾಗಕ್ಕೆ ಮಾತ್ರ ಚಾಕ್ ಹತ್ತುತ್ತದೆ. ಹಸಿರು ಬಣ್ಣದ ಮೇಲೆ ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು: 1, 1, 0, 6. ಪಕ್ಕದಲ್ಲಿ ನಿಂತ ಅಣ್ಣಾರ ಮುಖ ನೋಡಬೇಕಿತ್ತು.

ಸ್ಟಿಲ್ ಕಂಪನಿಯ ಬಿಡಿಭಾಗದ ನಂಬರಿನಲ್ಲಿ ಮೊದಲ ನಾಲ್ಕು ಅಂಕಿ ಮನೆತನ ಹೇಳುತ್ತವೆ. 1106 ಅಂದರೆ 070 ಮತ್ತು 090 ಇರುವ ಮನೆತನ. ಈ ದೇಹದ ಮೂಲ 1959ರಲ್ಲಿ ಬಂದ ಕಾಂಟ್ರಾ ಎಂಬ ಮಷೀನು. ಆದರೆ ಗಮನಿಸಿ, ಅಚ್ಚಿನ ನಂಬರು ಮನೆತನದ ಹೆಸರು ಹೇಳುತ್ತದೆಯೇ ಹೊರತು ಅಣ್ಣನೋ ತಮ್ಮನೋ ಅಂತ ಹೇಳುವುದಿಲ್ಲ. ಎರಡೂ ಮಾಡೆಲಿಗೆ ಒಂದೇ ಕೇಸು ಬಳಸಿದ್ದಾರೆ. ಊರಿನವರು ತಪ್ಪಿದ್ದೂ ಇಲ್ಲೇ.

ಅದಕ್ಕೆ ಅಳತೆ ಬೇಕು. ಪ್ಲಗ್ ತೂತಿನಿಂದ ತೆಳು ಕಟ್ಟಿಗೆಯ ಕಡ್ಡಿ ಇಳಿಸಿ, ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಒಂದು ಗುರುತು, ಪೂರ್ತಿ ಮೇಲೆ ಬಂದಾಗ ಇನ್ನೊಂದು ಗುರುತು ಹಾಕಿ. ನಡುವಿನ ಅಂತರವೇ ಸ್ಟ್ರೋಕು. ಪ್ಲಗ್ ಓರೆಯಾಗಿದ್ದರೆ ಇದು ಅಂದಾಜು ಮಾತ್ರ. ಬೋರಿಗೆ ಸಿಲಿಂಡರ್ ಎತ್ತಿ ವರ್ನಿಯರ್ ಹಿಡಿಯಬೇಕು. ಬೋರನ್ನು ಬೋರಿನಿಂದಲೇ ಗುಣಿಸಿ, ಅದನ್ನು ಸ್ಟ್ರೋಕಿನಿಂದ ಗುಣಿಸಿ, ಬಂದದ್ದನ್ನು 0.785ರಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಸಿಸಿ ಬರುತ್ತದೆ. 070 ಮತ್ತು 090 ಎರಡರ ಸ್ಟ್ರೋಕೂ 40 ಮಿಲಿಮೀಟರು. ಬೋರು ಮಾತ್ರ ಬೇರೆ. 090ರದು 66, ಅಂದರೆ ಸುಮಾರು 137 ಸಿಸಿ. 070ರದು 58, ಅಂದರೆ ಸುಮಾರು 106 ಸಿಸಿ. ನನ್ನ ವರ್ನಿಯರ್ 58 ತೋರಿಸಿತು. ಅವರು ತಂದ ಹೊಸ ಪಿಸ್ಟನ್ನನ್ನು ಸಿಲಿಂಡರಿನ ಬಾಯಿಗೆ ಹಿಡಿದೆ. ತಂಬಿಗೆಯ ಬಾಯಿಗೆ ಕೊಡದ ಮುಚ್ಚಳ ಇಟ್ಟ ಹಾಗಿತ್ತು. ಪುಣ್ಯಕ್ಕೆ ಡಬ್ಬಿ ಹರಿದಿರಲಿಲ್ಲ, ವಾಪಸ್ ಹೋಯಿತು.

ಈಗ ಬೋರಿನ ಗೀರಿನ ಮಾತು. ನಮ್ಮ ಕಡೆ ಬೋರು ಗೀರಿದರೆ ಎಲ್ಲರೂ ಹೇಳುವುದು ಒಂದೇ: "ಲೇಥಿಗೆ ಒಯ್ದು ಬೋರಿಂಗ್ ಮಾಡಿಸ್ರಿ." ಹಳೇ ಸ್ಕೂಟರು, ಬೈಕಿಗೆ ಅದು ಸರಿ, ಅವುಗಳ ಒಳಗೆ ಬೀಡು ಕಬ್ಬಿಣದ ಸ್ಲೀವು ಇರುತ್ತದೆ. ಇದರಲ್ಲಿ ಅಲ್ಯೂಮಿನಿಯಂ ಮೇಲೆ ಗಟ್ಟಿ ಕ್ರೋಮಿನ ತೆಳು ಪದರ ಅಷ್ಟೇ. ಲೇಥ್ ಹಚ್ಚಿದರೆ ಮೊದಲ ಸುತ್ತಿಗೇ ಆ ಪದರ ಹೋಗುತ್ತದೆ, ಸಿಲಿಂಡರ್ ಗುಜರಿಗೆ. ಪರೀಕ್ಷೆ ಸುಲಭ. ಬೋರಿನ ಒಳಗೆ ಒಂದು ಸಣ್ಣ ಆಯಸ್ಕಾಂತ ಇಡಿ. ಗಪ್ಪನೆ ಹಿಡಿದರೆ ಕಬ್ಬಿಣ, ಜಾರಿ ಬಿದ್ದರೆ ಪದರದ ಬೋರು.

ಜಾರಿ ಬಿದ್ದರೂ ಗಾಬರಿ ಬೇಡ. ಗೀರಿನ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಉಬ್ಬು ಸಿಕ್ಕರೆ ಅದು ಬಹುತೇಕ ಪಿಸ್ಟನ್ನಿನಿಂದ ಬಂದು ಅಂಟಿದ ಅಲ್ಯೂಮಿನಿಯಂ. ನುಣ್ಣನೆ ಎಮರಿ ಕಾಗದದಿಂದ, ಆಯಿಲ್ ಹಾಕಿಕೊಂಡು, ಕೈಯಲ್ಲೇ ತಿಕ್ಕಿ ತೆಗೆಯಬಹುದು. ಉಗುರು ತಗ್ಗಿಗೆ ಬಿದ್ದರೆ ಪದರವೇ ಹೋಗಿದೆ, ಹೊಸ ಸಿಲಿಂಡರೇ ಗತಿ. ಇದರಲ್ಲಿ ಉಬ್ಬು ಸಿಕ್ಕಿತು. ತಿಕ್ಕಲು ಒಂದೂವರೆ ಗಂಟೆ ಹಿಡಿಯಿತು. 58ರ ಪಿಸ್ಟನ್ ಮತ್ತು ರಿಂಗು ಮಾತ್ರ ಹೊಸದು ಹಾಕಿದೆ.

ಪಿಸ್ಟನ್ ಯಾಕೆ ಗೀರಿತು ಅಂತ ತಿಳಿಯದೆ ಹೊಸದು ಹಾಕಿದರೆ ಅದೂ ಗೀರುತ್ತದೆ. ಇಲ್ಲಿ ಕಾರಣ ಕ್ರ್ಯಾಂಕಿನ ಆಯಿಲ್ ಸೀಲು. ರಬ್ಬರು ಗಟ್ಟಿಯಾಗಿ ಗಾಳಿ ಎಳೆಯುತ್ತಿತ್ತು. ಗಾಳಿ ಜಾಸ್ತಿಯಾದರೆ ಪೆಟ್ರೋಲು ಕಡಿಮೆ, ಅದರ ಜೊತೆ ಬರುವ ಆಯಿಲೂ ಕಡಿಮೆ. ಬಾಯಿಗಳನ್ನೆಲ್ಲ ಮುಚ್ಚಿ ಒಳಗೆ ಅರ್ಧ ಬಾರ್, ಅಂದರೆ ಸುಮಾರು 7 ಪಿಎಸ್‌ಐ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಎಲ್ಲಿ ಬರುತ್ತದೆ ಅಂತ ಕಾಣುತ್ತದೆ. ಈ ಪರೀಕ್ಷೆ ಮಾಡದೆ ನಾನು ಯಾವ ಹಳೇ ಮಷೀನನ್ನೂ ಚಾಲೂ ಮಾಡುವುದಿಲ್ಲ.

ಪಾಯಿಂಟ್ (ಸ್ಪಾರ್ಕ್ ಬರಿಸಲು ಕರೆಂಟನ್ನು ಸೇರಿಸಿ ಬಿಡಿಸುವ ಸಣ್ಣ ತುದಿಗಳು) ಇರುವ ಮಷೀನಾದರೆ ತುಕ್ಕು ತೆಗೆದು 0.4 ಮಿಲಿಮೀಟರು ಗ್ಯಾಪ್ ಇಡಿ, ಸಾಮಾನ್ಯವಾಗಿ ಸ್ಪಾರ್ಕ್ ಬರುತ್ತದೆ.

ಕಾರ್ಬೋರೇಟರಿಗೆ ತಾಳ್ಮೆ ಬೇಕು. ಇದರಲ್ಲಿ ಬೈಕಿನ ಹಾಗೆ ತೇಲುವ ಫ್ಲೋಟ್ ಇಲ್ಲ, ಯಾಕೆಂದರೆ ಮಷೀನನ್ನು ಅಡ್ಡ, ಉದ್ದ ಹೇಗೆ ಬೇಕಾದರೂ ಹಿಡಿಯುತ್ತೇವೆ. ಬದಲಿಗೆ ಎರಡು ಡಯಾಫ್ರಾಮು, ಅಂದರೆ ಬಾಗುವ ತೆಳು ಪರದೆ. ಒಂದು ಪೆಟ್ರೋಲ್ ಎಳೆಯುತ್ತದೆ, ಇನ್ನೊಂದು ಅಳೆದು ಬಿಡುತ್ತದೆ. ಹಳೇದನ್ನು ಬೆರಳಲ್ಲಿ ಮಡಚಿದೆ, ಒಣಗಿದ ಹಪ್ಪಳದ ಹಾಗೆ ಟಕ್ ಎಂದಿತು. ಹೊಸ ಕಿಟ್ ತರಲು ಮಷೀನಿನ ಹೆಸರು ಬೇಕಿಲ್ಲ, ಕಾರ್ಬೋರೇಟರಿನ ಮೈ ಮೇಲೆಯೇ ಅದರ ಕಂಪನಿ ಮತ್ತು ನಂಬರು ಕೊರೆದಿರುತ್ತದೆ. ಜೋಡಿಸುವಾಗ ಒಂದು ವಿಷಯ ನೆನಪಿಡಿ. ಅಳೆಯುವ ಕಡೆ ಮೊದಲು ಪ್ಯಾಕಿಂಗು, ಅದರ ಮೇಲೆ ಡಯಾಫ್ರಾಮು. ಎಳೆಯುವ ಕಡೆ ಮೊದಲು ಡಯಾಫ್ರಾಮು, ಅದರ ಮೇಲೆ ಪ್ಯಾಕಿಂಗು. ಉಲ್ಟಾ ಆದರೆ ಎಷ್ಟು ಎಳೆದರೂ ಮಷೀನು ಸರಿ ನಡೆಯುವುದಿಲ್ಲ. ಬಿಚ್ಚುವಾಗ ಹೆಜ್ಜೆಹೆಜ್ಜೆಗೆ ಮೊಬೈಲಲ್ಲಿ ಫೋಟೋ ತೆಗೆದಿಟ್ಟರೆ ಈ ಗೊಂದಲವೇ ಇಲ್ಲ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪೂ ಹೊಸದು ಹಾಕಿದೆ. ಇಂಥ ಹಳೇ ಮಷೀನಿಗೆ ನಾನು ಲೀಟರಿಗೆ 40 ಎಂಎಲ್ ಆಯಿಲ್ ಹೇಳುತ್ತೇನೆ. ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ತಾನೇ ನಿಲ್ಲುವವರೆಗೆ ಓಡಿಸಿ ಇಡಬೇಕು.

ಚೈನಿಗೂ ಹೆಸರು ಬೇಡ. ಸಾಲಾಗಿ ಮೂರು ರಿವೆಟ್ಟು ಹಿಡಿದು ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಿ. ಇಲ್ಲಿ ಇಪ್ಪತ್ತೂವರೆ ಮಿಲಿಮೀಟರು ಬಂತು, ಅರ್ಧ ಮಾಡಿದರೆ ಹತ್ತೂಕಾಲು. ಅಂಗಡಿಯಲ್ಲಿ ಅದನ್ನು 404 ಅನ್ನುತ್ತಾರೆ. ಜೊತೆಗೆ ಬಾರಿನ (ಚೈನ್ ಸುತ್ತುವ ಉದ್ದ ಪಟ್ಟಿ) ಅಂಚಿನ ಸೀಳಿನಲ್ಲಿ ಓಡುವ ಹಲ್ಲಿನ ದಪ್ಪ ಅಳೆದು, ಅವು ಎಷ್ಟಿವೆ ಅಂತ ಎಣಿಸಿಕೊಂಡು ಹೋದರೆ ಸಾಕು.

ನಾಲ್ಕನೇ ಎಳೆತಕ್ಕೆ ಮಷೀನು ಹತ್ತಿಕೊಂಡಿತು. ಅಣ್ಣಾರು ಮಾತಾಡಲಿಲ್ಲ, ಹಿಡಿಕೆ ಮೇಲೆ ಕೈಯಿಟ್ಟು ನಿಂತರು. ಅವರಪ್ಪ ಹಿಡಿದ ಜಾಗ ಸವೆದು ಹೊಳೆಯುತ್ತಿತ್ತು. ಅದಕ್ಕೇ ನಾನು ಹೊಸ ಬಣ್ಣ ಹೊಡೆಯಲು ಒಪ್ಪಲಿಲ್ಲ.

ಆದರೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ ಕಳಿಸಿದೆ. ಇದಕ್ಕೆ ಓಡುವ ಚೈನನ್ನು ತಕ್ಷಣ ನಿಲ್ಲಿಸುವ ಚೈನ್ ಬ್ರೇಕ್ ಇಲ್ಲ. ಸ್ವೀಡನ್ನಿನ ಹುಸ್ಕ್ವರ್ನಾ ಕಂಪನಿ ತಾನಾಗಿ ಬೀಳುವ ಚೈನ್ ಬ್ರೇಕ್ ತಂದದ್ದು 1973ರಲ್ಲಿ, ಈ ದೇಹ ಅದಕ್ಕಿಂತ ಹಳೆಯದು. ಬಾರಿನ ತುದಿ ಮರಕ್ಕೆ ತಾಗಿದರೆ ಮಷೀನು ಮುಖದ ಕಡೆಗೇ ಹಾರುತ್ತದೆ, ನಿಲ್ಲಿಸಲು ಏನೂ ಇಲ್ಲ. ಹಾಗಾಗಿ ನೆಲದ ಮೇಲೆ ಬಿದ್ದ ಹುಣಸೆ, ಜಾಲಿ ದಿಮ್ಮಿ ಕೊಯ್ಯಲು ಮಾತ್ರ ಇದು. ಮಾವಿನ ಗಿಡ ಹತ್ತಿ ಟೊಂಗೆ ಕಡಿಯಲು ಬ್ರೇಕ್ ಇರುವ ಸಣ್ಣ ಮಷೀನು ಬೇರೆ ಇಟ್ಟುಕೊಳ್ಳಿ.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ, ಮೆಕ್ಯಾನಿಕ್‌ಗೆ ಫೋಟೋ ಕಳಿಸುವಾಗ ಇಡೀ ಮಷೀನಿನದೊಂದೇ ಕಳಿಸಬೇಡಿ. ಕೇಸಿನ ಮೇಲೆ ಚಾಕ್ ತಿಕ್ಕಿದ ನಂಬರು, ಕಾರ್ಬೋರೇಟರಿನ ನಂಬರು, ಮೂರು ರಿವೆಟ್ಟಿನ ಪಕ್ಕ ಸ್ಕೇಲು ಇಟ್ಟ ಚೈನು, ಸೈಲೆನ್ಸರ್ ತೆಗೆದಾಗ ಕಾಣುವ ಪಿಸ್ಟನ್ನು, ಈ ನಾಲ್ಕನ್ನೂ ಕಳಿಸಿ. ಹಗ್ಗ ಮಾತ್ರ ಹಾಗೇ ಇರಲಿ.