ಪ್ಯಾನೆಲ್ ಮಾಯವಾದರೆ ಫೋಟೋಶಾಪ್ ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ಪ್ರಶ್ನೆ: ಸರ್, ಮದುವೆ ಆಲ್ಬಂ ಮಾಡ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಟೂಲ್‌ಗಳು, ಲೇಯರ್ ಪ್ಯಾನೆಲ್ ಎಲ್ಲ ಹೋಯ್ತು. ಫೋಟೋ ಮಾತ್ರ ಕಾಣ್ತಿದೆ. ಸಾಫ್ಟ್‌ವೇರ್ ಕೆಟ್ಟಿದೆ, ತೆಗೆದು ಮತ್ತೆ ಇನ್‌ಸ್ಟಾಲ್ ಮಾಡ್ಬೇಕು ಅಂತಾರೆ. ನಿಜಾನಾ?

ಬೇಡ. ಟ್ಯಾಬ್ ಕೀಯನ್ನು ಒಂದು ಸಲ ಒತ್ತಿ. ಬಂತಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಟ್ಯಾಬ್ ಒತ್ತಿದರೆ ಎಲ್ಲ ಪ್ಯಾನೆಲ್‌ಗಳು ಅಡಗುತ್ತವೆ, ಮತ್ತೆ ಒತ್ತಿದರೆ ಬರುತ್ತವೆ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಪಕ್ಕದ ಪ್ಯಾನೆಲ್‌ಗಳು ಮಾತ್ರ ಅಡಗುತ್ತವೆ, ಟೂಲ್‌ಗಳು ಹಾಗೇ ಇರುತ್ತವೆ. ಮೆನು ಕೂಡ ಕಾಣದಿದ್ದರೆ ಕೈ ಎಫ್ ಕೀಗೆ ತಾಗಿದೆ ಎಂದರ್ಥ. ಅದು ಪರದೆಯ ಮೂರು ಬಗೆಗಳನ್ನು ಒಂದಾದ ಮೇಲೊಂದು ತೋರಿಸುತ್ತದೆ. ಎಸ್ಕೇಪ್ ಒತ್ತಿ, ಸರಿಹೋಗುತ್ತದೆ.

ಕನ್ನಡ ಡಿಟಿಪಿ ಮಾಡುವವರಿಗೆ ಇದು ಜಾಸ್ತಿ ಆಗುವುದಕ್ಕೆ ಒಂದು ಕಾರಣವಿದೆ. ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಎಫ್ ಬೇಕು. ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಕನ್ನಡ ಆಫ್ ಆಗಿದ್ದು, ಕರ್ಸರ್ ಟೆಕ್ಸ್ಟ್ ಬಾಕ್ಸ್‌ನ ಒಳಗೆ ಇಲ್ಲದಿದ್ದರೆ, ಫೋಟೋಶಾಪ್ ಅದನ್ನು ಅಕ್ಷರ ಅಂದುಕೊಳ್ಳುವುದಿಲ್ಲ, ಶಾರ್ಟ್‌ಕಟ್ ಅಂದುಕೊಳ್ಳುತ್ತದೆ.

ಈಗ ಇನ್‌ಸ್ಟಾಲ್ ವಿಷಯಕ್ಕೆ ಬರೋಣ. ಈ ನಂಬಿಕೆ ನಿಜಕ್ಕೂ ನಷ್ಟ ಮಾಡುತ್ತಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಯಾವ ಪ್ಯಾನೆಲ್ ಎಲ್ಲಿರಬೇಕು ಎಂಬುದು ಸಾಫ್ಟ್‌ವೇರ್ ಫೈಲ್‌ಗಳ ಜೊತೆ ಇರುವುದಿಲ್ಲ. ಬಳಸುವವರ ಹೆಸರಿನಲ್ಲಿ ಬೇರೆಯೇ ಒಂದು ಸೆಟ್ಟಿಂಗ್ಸ್ ಫೋಲ್ಡರ್ ಇರುತ್ತದೆ, ಅಲ್ಲಿರುತ್ತದೆ. ಅನ್‌ಇನ್‌ಸ್ಟಾಲ್ ಮಾಡುವಾಗ ಪ್ರಿಫರೆನ್ಸ್, ಅಂದರೆ ಈ ಸೆಟ್ಟಿಂಗ್ಸ್, ಇಟ್ಟುಕೊಳ್ಳಬೇಕಾ, ತೆಗೆಯಬೇಕಾ ಎಂದು ಕೇಳುತ್ತದೆ. ಇಟ್ಟುಕೊಂಡರೆ ಹಳೇ ಜೋಡಣೆಯೇ ವಾಪಸ್ ಬರುತ್ತದೆ, ಅರ್ಧ ದಿನ ಸುಮ್ನೆ ಹೋಯ್ತು. ತೆಗೆದರೆ ಪ್ಯಾನೆಲ್‌ಗಳು ಸರಿಯಾಗುತ್ತವೆ, ಆದರೆ ಬೇರೆ ಕಡೆ ಸೇವ್ ಮಾಡಿಡದ ಆಕ್ಷನ್‌ಗಳು (ಒಂದೇ ಕ್ಲಿಕ್‌ನಲ್ಲಿ ಮತ್ತೆ ನಡೆಸಲು ರೆಕಾರ್ಡ್ ಮಾಡಿಟ್ಟ ಕೆಲಸದ ಹಂತಗಳು), ಬ್ರಷ್‌ಗಳು ಹೋಗುತ್ತವೆ. ನನ್ನ ಹತ್ತಿರ ಕಲಿತ ಹುಡುಗನೊಬ್ಬ ಆಲ್ಬಂ ಪುಟಗಳಿಗೆಂದು ಎರಡು ವರ್ಷ ಕೂತು ಆಕ್ಷನ್‌ಗಳನ್ನು ಮಾಡಿಕೊಂಡಿದ್ದ. ರಿಪೇರಿಯವರು ದುಡ್ಡು ತಗೊಂಡು 'ಹೊಸದಾಗಿ' ಹಾಕಿಕೊಟ್ಟರು. ಒಂದು ಆಕ್ಷನ್ನೂ ಉಳಿಯಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಟ್ಯಾಬ್ ಕೀ. ಅವನ ಮುಖ ನೋಡಿ ನನಗೆ ತುಂಬಾ ಸಂಕಟವಾಯ್ತು.

ಟ್ಯಾಬ್ ಒತ್ತಿದರೂ ಪ್ಯಾನೆಲ್‌ಗಳು ಬರಲಿಲ್ಲ, ಅಥವಾ ಚೆಲ್ಲಾಪಿಲ್ಲಿಯಾಗಿವೆ ಅನ್ನಿ. ವಿಂಡೋ ಮೆನುವಿನಲ್ಲಿ ವರ್ಕ್‌ಸ್ಪೇಸ್‌ಗೆ ಹೋಗಿ, ರೀಸೆಟ್ ಎಸೆನ್ಷಿಯಲ್ಸ್ ಒತ್ತಿ. ರೀಸೆಟ್ ಅಂದಕೂಡಲೇ ಹೆದರುತ್ತೀರಿ, ಗೊತ್ತು. ಇದು ಪ್ಯಾನೆಲ್‌ಗಳ ಜಾಗವನ್ನಷ್ಟೇ ಸರಿಮಾಡುತ್ತದೆ. ನಿಮ್ಮ ಫೋಟೋ, ಲೇಯರ್, ಬ್ರಷ್ ಯಾವುದನ್ನೂ ಮುಟ್ಟುವುದಿಲ್ಲ. ಲೇಯರ್ ಪ್ಯಾನೆಲ್ ಒಂದೇ ಬೇಕಿದ್ದರೆ ಎಫ್ 7 ಸಾಕು.

ನಿಮಗೆ ಒಗ್ಗುವ ಜೋಡಣೆ ಒಂದು ಸಲ ಸಿಕ್ಕಿದರೆ ಅದೇ ವರ್ಕ್‌ಸ್ಪೇಸ್ ಮೆನುವಿನಲ್ಲಿ ನ್ಯೂ ವರ್ಕ್‌ಸ್ಪೇಸ್ ಒತ್ತಿ ಹೆಸರಿಟ್ಟು ಉಳಿಸಿ. ಆಮೇಲೆ ರೀಸೆಟ್ ಮಾಡಿದಾಗಲೆಲ್ಲ ನೀವು ಉಳಿಸಿದ ಜೋಡಣೆಯೇ ಬರುತ್ತದೆ. ನನ್ನ ಕ್ಲಾಸಿನಲ್ಲಿ ಮೊದಲ ದಿನವೇ ಇದನ್ನು ಮಾಡಿಸುತ್ತೇನೆ. ಹಾಗೆ ಕಲಿತವರು ಯಾರೂ ಈ ಪ್ರಶ್ನೆಯೊಂದಿಗೆ ಮತ್ತೆ ಬಂದಿಲ್ಲ.

ನೀವು ಕೇಳಿಲ್ಲ, ಆದರೂ ಪರದೆಯ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಫೋಟೋದ ಸುತ್ತ ಇರುವ ಖಾಲಿ ಜಾಗದ ಬಣ್ಣ ನೋಡಿದ್ದೀರಾ? 2012ರ ಸಿಎಸ್6 ಆವೃತ್ತಿ ಬಂದಾಗಿನಿಂದ ಫೋಟೋಶಾಪ್ ಗಾಢ ಬೂದು ಬಣ್ಣಕ್ಕೆ ತಿರುಗಿದೆ. ಕಣ್ಣಿಗೆ ಹಿತ, ನಿಜ. ಆದರೆ ಗಾಢ ಬಣ್ಣದ ನಡುವೆ ಇಟ್ಟ ಫೋಟೋ ಇರುವುದಕ್ಕಿಂತ ಬೆಳಕಾಗಿ ಕಾಣುತ್ತದೆ. ಇಷ್ಟು ಬೆಳಕು ಸಾಕು ಅಂತ ಬಿಡುತ್ತೀರಿ. ಅದೇ ಫೋಟೋ ಬಿಳಿ ಕಾಗದದ ಅಂಚಿನ ನಡುವೆ ಪ್ರಿಂಟ್ ಆಗಿ ಬಂದಾಗ ಮುಖಗಳೆಲ್ಲ ಮಂಕು. ಬೈಗುಳ ಲ್ಯಾಬ್‌ನವರಿಗೆ. ಮಾನಿಟರ್ ಬ್ರೈಟ್‌ನೆಸ್ ಜಾಸ್ತಿ ಇಟ್ಟಿರುವುದೂ ಇದಕ್ಕೆ ಕಾರಣವಾಗಿರುತ್ತದೆ, ಅದನ್ನೂ ಇಳಿಸಿ.

ಫೋಟೋವನ್ನು ಝೂಮ್ ಔಟ್ ಮಾಡಿ, ಸುತ್ತಲಿನ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಲೈಟ್ ಗ್ರೇ ಆರಿಸಿ. ಪ್ರಿಂಟ್‌ಗೆ ಕಳಿಸುವ ಮೊದಲು ಒಂದು ಸಲವಾದರೂ ಹೀಗೆ ನೋಡಿ. ಪೂರ್ತಿ ಇಂಟರ್‌ಫೇಸ್ ತಿಳಿಯಾಗಬೇಕಿದ್ದರೆ ಶಿಫ್ಟ್ ಜೊತೆ ಎಫ್ 2, ಮತ್ತೆ ಗಾಢವಾಗಬೇಕಿದ್ದರೆ ಶಿಫ್ಟ್ ಜೊತೆ ಎಫ್ 1.

ನಂಬಿಕೆ ಬರದಿದ್ದರೆ ಹೊಸ ಫೈಲ್ ತೆರೆಯಿರಿ. ಅರ್ಧ ಕಪ್ಪು, ಅರ್ಧ ಬಿಳಿ ತುಂಬಿ. ಒಂದೇ ಬೂದು ಬಣ್ಣದ ಎರಡು ಚೌಕಗಳನ್ನು ಎರಡೂ ಕಡೆ ಇಡಿ. ಎರಡೂ ಒಂದೇ ಬಣ್ಣ ಅಂತ ನಿಮ್ಮ ಕಣ್ಣು ಒಪ್ಪುವುದಿಲ್ಲ. ಐಡ್ರಾಪರ್ (ಬಣ್ಣ ಎತ್ತಿಕೊಳ್ಳುವ ಟೂಲ್) ಇಟ್ಟು ಬಣ್ಣದ ನಂಬರ್ ನೋಡಿ.